ಮನೋಳಿಯ ರೊಟ್ಟಿ ಮಷೀನು

ಕೆಟ್ಟ ಸರ್ಕ್ಯೂಟ್ ಬೋರ್ಡು ಹಿಡಿದುಕೊಂಡು ನನ್ನ ಅಂಗಡಿಯ ಕಟ್ಟೆ ಹತ್ತುವ ಪ್ರತಿಯೊಬ್ಬರೂ ಆಡುವ ಮೊದಲ ಮಾತು ಒಂದೇ: "ನಿನ್ನಿ ತನಾ ಚಲೋ ಇತ್ರಿ." ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತ ಬಂದಿದ್ದೇನೆ. ನಿನ್ನೆ ತನಕ ಚೆನ್ನಾಗಿತ್ತಂತೆ. ಅಲ್ಲಯ್ಯಾ, ಜಗತ್ತಿನಲ್ಲಿ ಕೆಟ್ಟುಹೋದ ವಸ್ತುಗಳೆಲ್ಲ ಕೆಡುವ ಹಿಂದಿನ ದಿನ ಚೆನ್ನಾಗಿಯೇ ಇರುತ್ತವೆ. ಇದನ್ನು ಹೇಳಲು ಸವದತ್ತಿಯಿಂದ ಬಸ್ಸು ಹತ್ತಿ ಬರಬೇಕಿತ್ತೇ? ಹೀಗೆ ಕೇಳಿಬಿಡುತ್ತೇನೆ ಕೂಡ. ಗಿರಾಕಿಗಳು ನಗುತ್ತಾರೆ. ಬೇರೆ ದಾರಿಯಿಲ್ಲ, ಬೋರ್ಡು ನೋಡಲು ಗೊತ್ತಿರುವವನು ಸುತ್ತ ನಾಲ್ಕು ತಾಲೂಕಿಗೆ ನಾನೊಬ್ಬನೇ.

ಅವರು ಹೇಳುವ ಎರಡನೆಯ ಮಾತು ಯಾವಾಗಲೂ ಸುಳ್ಳು. ಇನ್ವರ್ಟರಿನ ಮೇಲೆ ಚಹಾ ಚೆಲ್ಲಿದವನು ಏನೂ ಬಿದ್ದಿಲ್ಲ ಎನ್ನುತ್ತಾನೆ. ಮುಚ್ಚಳ ತೆಗೆದರೆ ಒಳಗೆ ಸಕ್ಕರೆಯ ಅಂಟು, ಅದರ ಮೇಲೆ ಇರುವೆಗಳ ಸಾಲು. ಇನ್ನೊಬ್ಬ ಮಹಾನುಭಾವ ಹೊಲದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನೇ ಗೋಡೆಗೂಡು ಮಾಡಿಕೊಂಡು ಅದರಲ್ಲಿ ತಂಬಾಕು, ಸುಣ್ಣದ ತಗಡಿನ ಡಬ್ಬಿ ಇಡುತ್ತಿದ್ದ. ಡಬ್ಬಿ ಜಾರಿ ಎರಡು ತಂತಿಗಳ ನಡುವೆ ಬಿದ್ದು ಬೋರ್ಡು ಸುಟ್ಟ ಮೇಲೆ, ಸಿಡಿಲು ಹೊಡೆಯಿತು ಅಂತ ನನ್ನ ಮುಂದೆ ಬಂದು ಕೂತ. ಆಗ ಬಿಸಿಲು ಧಗಧಗ ಉರಿಯುತ್ತಿತ್ತು. ಯಾವ ಮೋಡದಿಂದ ಬಿತ್ತು ಸಿಡಿಲು ಎಂದು ಕೇಳಿದೆ, ತಲೆ ಕೆರೆದುಕೊಂಡ. ನನಗೆ ಇವರ ದಡ್ಡತನದ ಮೇಲೆ ಸಿಟ್ಟಿಲ್ಲ. ತಪ್ಪು ಮಾಡಿದವನು ಅದನ್ನು ಕಕ್ಕದೆ ನನ್ನ ಅರ್ಧ ದಿನ ತಿನ್ನುತ್ತಾನಲ್ಲ, ಅದನ್ನು ಕಂಡರೆ ಹೇಸಿಗೆ. ಬೋರ್ಡು ಪಾಪ ಸುಳ್ಳು ಹೇಳುವುದಿಲ್ಲ, ಎಲ್ಲಿ ಸುಟ್ಟಿತೋ ಅಲ್ಲಿ ಕಪ್ಪಾಗಿ ತೋರಿಸುತ್ತದೆ.

ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇನೆ: ಉಂಗುರ, ವಾಚು, ಸರ, ಬಳೆ ತೆಗೆಯದೆ ಬೋರ್ಡು ಮುಟ್ಟಬಾರದು. ಲೋಹ ತಾಗಿದರೆ ಒಂದು ಕ್ಷಣದಲ್ಲಿ ಶಾರ್ಟ್ ಆಗುತ್ತದೆ, ಸಾವಿರಾರು ರೂಪಾಯಿಯ ವಸ್ತು ಬೂದಿ. ಕೆಲಸಕ್ಕೆ ಕೂರುವ ಮುಂಚೆ ನಾನೂ ನನ್ನ ವಾಚು ಬಿಚ್ಚಿ, ಉಂಗುರ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ಒಂದು ಸ್ಟೀಲಿನ ಡಬ್ಬಿಗೆ ಹಾಕುತ್ತೇನೆ. ಡಬ್ಬಿ ಸದ್ದು ಮಾಡಬೇಕು, ನೋಡುವವರು ಸುಮ್ಮನಾಗಬೇಕು. ಡಾಕ್ಟರು ಕೈ ತೊಳೆದುಕೊಳ್ಳುವಾಗಿನ ಗತ್ತು ಅದರಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಮದುವೆ ಹಂಗಾಮಿನಲ್ಲಿ, ಮನೋಳಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು. ರೊಟ್ಟಿ ಮಾಡುವ ಮಷೀನು ನಿಂತುಹೋಗಿದೆ, ಅದನ್ನು ಹೊತ್ತು ತರಲು ಆಗುವುದಿಲ್ಲ, ನೀವೇ ಬರಬೇಕು ಎಂದಳು. ನಾನು ಸಾಮಾನ್ಯವಾಗಿ ಮನೆಮನೆಗೆ ಹೋಗುವವನಲ್ಲ. ಆದರೆ ಅವಳು "ನಿನ್ನಿ ತನಾ ಚಲೋ ಇತ್ರಿ" ಎನ್ನಲಿಲ್ಲ. ಮೂರು ದಿನದಿಂದ ಮಷೀನು ನಡುನಡುವೆ ನಿಲ್ಲುತ್ತಿದೆ, ನಿಂತಾಗ ಪರದೆಯ ಮೇಲೆ ಅಂಕಿ ಹೋಗಿ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ, ಅಲುಗಾಡಿಸಿದರೆ ಮತ್ತೆ ಅಂಕಿ ಬರುತ್ತದೆ ಎಂದಳು. ಇಷ್ಟು ನೆಟ್ಟಗೆ ಹೇಳುವ ಗಿರಾಕಿ ನನಗೆ ಅಪರೂಪ. ಸೋಮವಾರ ಬೆಳಿಗ್ಗೆ ಹೊರಟು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಮನೋಳಿಯಲ್ಲಿ ಇಳಿದೆ.

ಮನೆಯ ಪಡಸಾಲೆಯಲ್ಲೇ ಮಷೀನು ಇತ್ತು. ಜೋಳದ ಹಿಟ್ಟಿನ ಉಂಡೆ ಇಟ್ಟರೆ ತಟ್ಟಿ, ಕಾದ ತಗಡಿನ ಮೇಲೆ ಹಾಯಿಸಿ, ಆಚೆ ಕಡೆ ರೊಟ್ಟಿ ಬೀಳಿಸುವಂಥದ್ದು. ಅವಳು ತವರಿನವರು ಕೊಟ್ಟ ಎಮ್ಮೆ ಮಾರಿ ಅದನ್ನು ತಂದಿದ್ದಳು. ಗಂಡ ಸಕ್ಕರೆ ಕಾರ್ಖಾನೆಯಲ್ಲಿದ್ದ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಮಾತು ನಡೆಯುವುದು ಗಂಡನ ಅಣ್ಣನದು. ಆ ಭಾವ ಎಂಬ ಪ್ರಾಣಿ ನಾಲ್ಕು ಬೆರಳಿಗೆ ನಾಲ್ಕು ಉಂಗುರ ಹಾಕಿಕೊಂಡು, ಜೋಕಾಲಿಯ ಮೇಲೆ ಕೂತು, ನಾನು ನೀರು ಕುಡಿಯುವಷ್ಟರಲ್ಲಿ ತನ್ನ ಮನೆತನದ ದೊಡ್ಡಸ್ತಿಕೆಯನ್ನೆಲ್ಲ ಹೇಳಿ ಮುಗಿಸಿದ. ರೊಟ್ಟಿ ಮಾರುವ ಮನೆ ಎಂದು ಊರು ಆಡಿಕೊಳ್ಳುವುದು ಅವನಿಗೆ ಸಹ್ಯವಾಗುತ್ತಿರಲಿಲ್ಲವಂತೆ. ಅವಳ ರೊಟ್ಟಿಯನ್ನು ಮೂರು ಹೊತ್ತು ತಿನ್ನುವುದು ಮಾತ್ರ ಸಹ್ಯವಾಗುತ್ತಿತ್ತು. ಯರಗಟ್ಟಿಯ ಒಬ್ಬ ಖಾನಾವಳಿಯವನು ಮಷೀನನ್ನು ಎರಡು ಸಲ ಬಂದು ನೋಡಿಹೋಗಿದ್ದಾನೆ ಎಂದೂ ಹೇಳಿದ. ರಾಮದುರ್ಗದ ಒಂದು ಮದುವೆಗೆ ಅವಳು ಸಾವಿರ ಖಡಕ್ ರೊಟ್ಟಿ ಒಪ್ಪಿಕೊಂಡಿದ್ದಳು. ಶುಕ್ರವಾರದ ಹೊತ್ತಿಗೆ ಆ ರೊಟ್ಟಿ ಅಲ್ಲಿಗೆ ಮುಟ್ಟದಿದ್ದರೆ ಮಷೀನು ಖಾನಾವಳಿಗೆ ಹೋಗುವುದು ಎಂದು ಭಾವ ಮನೆಮಂದಿಯ ಎದುರು ಹೇಳಿಯಾಗಿತ್ತು. ಅವಳು ಆ ಮಾತಿಗೂ ಒಪ್ಪಿಕೊಂಡಿದ್ದಳು.

ಮಷೀನಿನ ಬೋರ್ಡಿನ ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಒಂದು ಕಣಗಿಲೆ ಹೂ. ಸೋಮವಾರವಲ್ಲವೇ. ನಾನು ಹೂ ತೆಗೆದು ಪಕ್ಕಕ್ಕಿಟ್ಟು, ಯಥಾಪ್ರಕಾರ ವಾಚು ಬಿಚ್ಚಿದೆ, ಉಂಗುರ ಬಿಚ್ಚಿದೆ, ಸ್ಟೀಲಿನ ಡಬ್ಬಿಗೆ ಹಾಕಿ ಸದ್ದು ಮಾಡಿದೆ. ಭಾವನಿಗೆ ಎರಡು ಹೆಜ್ಜೆ ಹಿಂದೆ ನಿಲ್ಲಲು ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡತೊಡಗಿದಳು. ಮೊಣಕೈ ತನಕ ಹಸಿರು ಬಳೆ, ಬಳೆಗೆ ನಾಲ್ಕಾರು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿದ್ದಳು.

"ಅಕ್ಕಾರ, ಕೈಯಾಗ ಅಂಗಡಿ ಇಟಗೊಂಡ ಬೋರ್ಡ ಹತ್ತರ ಬರಬ್ಯಾಡ್ರಿ," ಎಂದೆ. "ಮಿಷನ್ ಆಚಿ ಕಡೆ ಹೋಗಿ ನಿಂದರ್ರಿ."

ಭಾವ ನಕ್ಕ. ಅವಳು ಮಷೀನಿನ ಆಚೆ ಬದಿಗೆ, ಸರಿಯಾಗಿ ನನ್ನ ಎದುರಿಗೆ ಹೋಗಿ ನಿಂತಳು.

ಮುಚ್ಚಳ ತೆಗೆದರೆ ಅಸಲು ರೋಗ ಮೂರು ನಿಮಿಷದ್ದು. ತಗಡು ಎಷ್ಟು ಕಾದಿದೆ ಎಂದು ಬೋರ್ಡಿಗೆ ತಿಳಿಸುವ ಸಣ್ಣ ತಂತಿಯೊಂದಿರುತ್ತದೆ. ಅದನ್ನು ಸಿಕ್ಕಿಸುವ ಜಾಗದಲ್ಲಿ ಜೋಳದ ಹಿಟ್ಟು ಕೂತು ತಂತಿ ಸಡಿಲಾಗಿತ್ತು. ಬ್ರಶ್ಶಿನಿಂದ ಹಿಟ್ಟು ಝಾಡಿಸಿ, ತಂತಿ ಒತ್ತಿ ಕೂರಿಸಿ, ಕರೆಂಟು ಹಾಕಿದೆ. ಪರದೆಯ ಮೇಲೆ ಅಂಕಿ ಬಂತು, ಮೂವತ್ತೆಂಟು, ನಲವತ್ತು, ನಲವತ್ತಮೂರು ಎಂದು ಏರತೊಡಗಿತು. ಅಲ್ಲಿಗೆ ಮುಚ್ಚಳ ಹಾಕಿ, ಚಹಾ ಕುಡಿದು, ಹನ್ನೆರಡರ ಬಸ್ಸು ಹಿಡಿಯಬಹುದಿತ್ತು.

ಆದರೆ ಮೂರು ನಿಮಿಷದ ಕೆಲಸಕ್ಕೆ ಬೈಲಹೊಂಗಲದಿಂದ ಬಂದ ದೊಡ್ಡ ಮನುಷ್ಯ ಹಾಗೇ ಎದ್ದುಹೋಗುವುದು ಹೇಗೆ? ಭಾವ ಹಿಂದಿನಿಂದ, ಇಷ್ಟೇ ಏನ್ರಿ ಎಂದದ್ದು ನನಗೆ ಚುಚ್ಚಿತು. ನಾಲ್ಕು ಉಂಗುರದ ಈ ಮನುಷ್ಯನಿಗೆ ಬೋರ್ಡು ಅಂದರೆ ಏನೆಂದು ತೋರಿಸಿಯೇ ಹೋಗುತ್ತೇನೆ ಎಂದು ಮಲ್ಟಿಮೀಟರ್ ತೆಗೆದೆ. ಕರೆಂಟು ಹರಿಯುತ್ತಿರುವ ಬೋರ್ಡಿನ ಮೇಲೆ ಬಗ್ಗಿ, ಇಲ್ಲಿ ಮನೆಯ ಕರೆಂಟು ಇನ್ನೂರಮೂವತ್ತು ವೋಲ್ಟ್, ಇಲ್ಲಿಂದ ಅರ್ಧ ಇಂಚು ಆಚೆ ಬರೀ ಐದು ವೋಲ್ಟ್, ಇವೆರಡೂ ಒಂದಕ್ಕೊಂದು ತಾಗಿದರೆ ಕತೆ ಮುಗಿಯಿತು ಎಂದು ಪಾಠ ಶುರುಮಾಡಿದೆ. ಒಲೆಯ ಮುಂದೆ ಕೂತ ಹಾಗೆ ಸೆಕೆ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದೆ.

ಫಟ್ ಎಂದಿತು. ನೀಲಿ ಕಿಡಿ ಹಾರಿ, ಪರದೆ ಆರಿ, ಮನೆಯ ಕರೆಂಟೆಲ್ಲ ಹೋಯಿತು. ಸುಟ್ಟ ವಾಸನೆ ಮೂಗಿಗೆ ಬಂತು. ನನ್ನ ಕೈಯಲ್ಲಿದ್ದ ಮೀಟರಿನ ಕಡ್ಡಿ ಬೋರ್ಡಿಗೆ ತಾಗಿಯೇ ಇರಲಿಲ್ಲ. ತಾಗಿದ್ದು ನನ್ನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ.

ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಇಷ್ಟಲಿಂಗವನ್ನು ಆ ಬೆಳ್ಳಿಯ ಕರಡಿಗೆಯಲ್ಲಿಟ್ಟು, ನೂಲಿನ ಶಿವದಾರದಲ್ಲಿ ಎದೆಯ ಮೇಲೆ ಧರಿಸುತ್ತೇವೆ. ಸ್ನಾನಕ್ಕೂ ತೆಗೆಯುವುದಿಲ್ಲ, ನಿದ್ದೆಗೂ ತೆಗೆಯುವುದಿಲ್ಲ. ವಾಚು ಒಡವೆ, ಉಂಗುರ ಒಡವೆ, ಬಳೆ ಒಡವೆ. ಲಿಂಗ ಒಡವೆಯಲ್ಲ, ಮೈಯದೇ ಒಂದು ಭಾಗ. ಹಾಗಾಗಿ ಇಪ್ಪತ್ತು ವರ್ಷ ಊರಿಗೆಲ್ಲ ಲೋಹದ ಪಾಠ ಹೇಳಿದ ನನಗೆ, ಅಂಗೈಯಗಲದ ಬೆಳ್ಳಿಯೊಂದು ನನ್ನ ಎದೆಯ ಮೇಲೇ ತೂಗುತ್ತಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅದು ಬಿಚ್ಚಿದ ಅಂಗಿಯಿಂದ ಜಾರಿ, ನಾನು ಹೇಳುತ್ತಿದ್ದ ಆ ಅರ್ಧ ಇಂಚಿನ ಮೇಲೇ ಹೋಗಿ ಕೂತಿತ್ತು. ದಾರ ನೂಲಿನದಾದ್ದರಿಂದ ನಾನು ಉಳಿದೆ.

ಕರಡಿಗೆಯನ್ನು ಅಂಗಿಯೊಳಗೆ ತೂರಿಸಿ ಗುಂಡಿ ಹಾಕಿಕೊಂಡೆ. ಭಾವ ನನ್ನ ಬೆನ್ನ ಹಿಂದಿದ್ದ. ಅವಳ ಅತ್ತೆ ಗೋಡೆಗೊರಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಏನಾತು ಎಂದು ಇಬ್ಬರೂ ಕೇಳಿದರು. ಆಗ ನನ್ನ ಕಣ್ಣು ಮುಚ್ಚಳದ ಮೇಲಿನ ವಿಭೂತಿಗೆ ಬಿತ್ತು. ತಗಡಿನ ಮುಚ್ಚಳ, ಎಲ್ಲೂ ತೂತಿಲ್ಲ, ಮೂರು ಬೆರಳಿನ ಒದ್ದೆ ಅದರೊಳಗೆ ಇಳಿಯುವ ಮಾತೇ ಇಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ವಿಭೂತಿ ನೀರು ಒಳಗ ಇಳದ ಶಾರ್ಟ್ ಆಗೈತಿ," ಎಂದೆ. "ಪೂಜಿ ದೇವರಿಗೆ ಮಾಡ್ರಿ, ಮಿಷನ್ನಿಗಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು. ಸಿಡಿಲು ಹೊಡೆಯಿತು ಎಂದವನಾದರೂ ಒಂದು ಸಲ ತಲೆ ಕೆರೆದುಕೊಂಡಿದ್ದ.

ಭಾವನಿಗೆ ಅಷ್ಟು ಸಾಕಾಗಿತ್ತು. ಹೆಂಗಸರ ಕೈಗೆ ಮಷೀನು ಕೊಟ್ಟರೆ ಹೀಗೇ ಆಗುವುದು ಎಂದು ಶುರುಮಾಡಿದವನು ಸತ್ತುಹೋದ ಅವಳ ತಂದೆಯ ತನಕ ಹೋದ. ಅತ್ತೆ ಬೆಳ್ಳುಳ್ಳಿ ಬಿಟ್ಟು, ಬೇಡ ಅಂದರೂ ಹಚ್ಚಿದಳು ಎಂದು ದನಿಗೂಡಿಸಿದಳು. ಬೈಸಿಕೊಂಡವಳು ನನ್ನ ಮುಖವನ್ನು ಒಮ್ಮೆ ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡು ಬುಧವಾರದೊಳಗೆ ಆಗುತ್ತದೆಯೇ ಎಂದಷ್ಟೇ ಕೇಳಿದಳು. ಪಾಪ, ತನ್ನಿಂದಲೇ ಆಯಿತು ಎಂದು ನಂಬಿಬಿಟ್ಟಳು ಎಂದುಕೊಂಡೆ. ನನಗೆ ಸಮಾಧಾನವಾಯಿತು. ಅವಳ ಬುದ್ಧಿಯ ಬಗ್ಗೆ ಫೋನಿನಲ್ಲಿ ಹುಟ್ಟಿದ್ದ ಗೌರವವನ್ನೂ ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ನನ್ನ ಸುಳ್ಳನ್ನು ನಂಬಿದ್ದಕ್ಕೆ ಅವಳನ್ನೇ ದಡ್ಡಿ ಎಂದುಕೊಂಡ ಜಾಣ ನಾನು.

ಬೋರ್ಡು ಬಿಚ್ಚಿ ಬೈಲಹೊಂಗಲಕ್ಕೆ ತಂದೆ. ಹೊಸ ಬೋರ್ಡು ಕೊಯಮತ್ತೂರಿನಿಂದ ಬರಲು ಹದಿನೈದು ದಿನ ಬೇಕು, ಶುಕ್ರವಾರಕ್ಕೆ ಇದೇ ಬದುಕಬೇಕು. ಸ್ಪಿರಿಟ್ಟಿನಿಂದ ಮಸಿ ಒರೆಸಿ ಭೂತಗನ್ನಡಿ ಹಿಡಿದು ನೋಡಿದೆ. ಐದು ವೋಲ್ಟ್ ಮಾಡಿಕೊಡುವ ಮೂರು ಕಾಲಿನ ಐಸಿ ಬಾಯಿ ಬಿಟ್ಟಿತ್ತು. ಅದರ ಪಕ್ಕದ ತಾಮ್ರದ ಗೆರೆ ಒಂದು ಬೆರಳಿನಷ್ಟು ಉದ್ದ ಆವಿಯಾಗಿ ಹೋಗಿತ್ತು. ಸುಟ್ಟ ಐಸಿ ತೆಗೆದು ಹಳೆಯ ಬೋರ್ಡೊಂದರಿಂದ ಬೇರೆ ಹಾಕಿದೆ, ಗೆರೆ ಹೋದ ಕಡೆ ತೆಳ್ಳಗಿನ ತಂತಿ ಬೆಸೆದೆ. ಮೀಟರ್ ಇಟ್ಟರೆ ಇನ್ನೂ ಪೀಂ ಎನ್ನುತ್ತಿತ್ತು. ಐದು ವೋಲ್ಟಿನ ದಾರಿಯಲ್ಲಿ ಇನ್ನೆಲ್ಲೋ ಶಾರ್ಟ್ ಉಳಿದಿತ್ತು. ಅದು ಪ್ರೋಗ್ರಾಮ್ ತುಂಬಿದ ದೊಡ್ಡ ಐಸಿಯ ಹೊಟ್ಟೆಯಲ್ಲೇ ಇದ್ದರೆ ಮುಗಿಯಿತು, ಅಂಥದ್ದು ಬಜಾರಿನಲ್ಲಿ ಸಿಗುವುದಿಲ್ಲ.

ಮಂಗಳವಾರ ಇಡೀ ದಿನ ಅದೇ ಆಯಿತು. ಒಂದೊಂದೇ ಬಿಡಿಭಾಗದ ಒಂದು ಕಾಲು ಎತ್ತಿ ಮೀಟರ್ ಇಡುವುದು, ಪೀಂ ಎಂದರೆ ಮತ್ತೆ ಕೂರಿಸುವುದು. ಗಿರಾಕಿಗಳು ಬಂದರು, ನಿನ್ನೆ ತನಕ ಚೆನ್ನಾಗಿತ್ತು ಎಂದರು. ಒಬ್ಬನಿಗೂ ನಾನು ಬೈಯಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಎದುರಿನ ಚಹಾದಂಗಡಿಯವನು ಕೇಳಿದ. ಕೊನೆಗೆ ಬೋರ್ಡಿಗೆ ಬಹಳ ಸಣ್ಣ ವೋಲ್ಟೇಜು ಬಿಟ್ಟು, ಮೇಲೆ ಸ್ಪಿರಿಟ್ ಸವರಿ, ಕಣ್ಣು ಕೀಲಿಸಿ ಕೂತೆ. ಶಾರ್ಟ್ ಇರುವ ಜಾಗ ಬಿಸಿಯಾಗುತ್ತದೆ, ಅಲ್ಲಿ ಸ್ಪಿರಿಟ್ ಮೊದಲು ಆರುತ್ತದೆ. ದೊಡ್ಡ ಐಸಿ ಒದ್ದೆಯಾಗಿಯೇ ಉಳಿಯಿತು. ಅದರ ಮುಂದಿದ್ದ ಅಕ್ಕಿಕಾಳಿನಷ್ಟು ಡಯೋಡಿನ ಮೇಲೆ ಮಾತ್ರ ಆರಿತು. ಹೊರಗಿಂದ ಹೆಚ್ಚಿನ ಕರೆಂಟು ನುಗ್ಗಿದಾಗ ಅದನ್ನು ತಾನೇ ನುಂಗಿ ಸಾಯಲೆಂದೇ ಅಲ್ಲಿಟ್ಟಿರುವ ಡಯೋಡು ಅದು. ತೆಗೆದೆ, ಪೀಂ ನಿಂತಿತು. ಹೊಸದು ಹಾಕಿದೆ, ಪರದೆ ಬೆಳಗಿತು.

ಬುಧವಾರ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕರಡಿಗೆ ನೋಡಿದೆ. ಸೋಮವಾರದ ಕಪ್ಪನ್ನು ವಿಭೂತಿ ಹಾಕಿ ತಿಕ್ಕಿ ಬೆಳಗಿಸಿದ್ದೆ. ಆದರೆ ಅಂಚಿನಲ್ಲಿ ಬೆಳ್ಳಿ ಕರಗಿ ಸಾಸಿವೆಕಾಳಿನಷ್ಟು ಗುಳಿ ಬಿದ್ದಿತ್ತು. ಅದು ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ಬೇಗ ಪೂಜೆ ಮುಗಿಸಿ ಬಸ್ಸಿಗೆ ಓಡಿದೆ.

ಮನೋಳಿಯ ಮನೆಯ ಮುಂದೆ ಯರಗಟ್ಟಿಯ ಖಾನಾವಳಿಯವನ ಮೋಟರ್‌ಸೈಕಲ್ಲು ನಿಂತಿತ್ತು. ಭಾವ ಅವನೊಡನೆ ಬಾಗಿಲಲ್ಲಿ ಮಾತಾಡುತ್ತಿದ್ದ. ಒಳಗೆ ಅವಳು ಒಲೆಯ ಮುಂದೆ ಕೂತು ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಎರಡು ದಿನದಿಂದ ಬಡಿದ ರೊಟ್ಟಿ ಬುಟ್ಟಿಯಲ್ಲಿ ಪೇರಿಸಿಟ್ಟಿದ್ದಳು, ಸಾವಿರಕ್ಕೆ ಬಹಳ ದೂರವಿತ್ತು. ಅಂಗೈಗಳು ಕೆಂಪಾಗಿ ಊದಿದ್ದವು. ಮಷೀನಿನ ಮುಚ್ಚಳವನ್ನು ಯಾರೋ ಒರೆಸಿದ್ದರು, ಅದರ ಮೇಲೆ ಒಂದು ಚುಕ್ಕೆ ಕುಂಕುಮವೂ ಇರಲಿಲ್ಲ.

ಬೋರ್ಡು ಕೂರಿಸಿ, ತಂತಿಗಳನ್ನು ಸಿಕ್ಕಿಸಿ, ಕರೆಂಟು ಹಾಕಿ ಕಾವು ಹೊಂದಿಸಬೇಕಿತ್ತು. ವಾಚು, ಉಂಗುರ ಬಿಚ್ಚಿ ಡಬ್ಬಿಗೆ ಹಾಕಿದೆ. ಸದ್ದಾಗದಂತೆ ಹಾಕಿದೆ. ಬಗ್ಗುವಷ್ಟರಲ್ಲಿ ಅವಳು ಎದ್ದು ಪಕ್ಕಕ್ಕೆ ಬಂದು, ಬಳೆಯಿಂದ ಒಂದು ಸೇಫ್ಟಿ ಪಿನ್ನು ಕಳಚಿ ನನ್ನ ಮುಂದೆ ಹಿಡಿದಳು.

"ಅಣ್ಣಾರ, ಅಂಗಿಗೆ ಪಿನ್ನ ಹಾಕ್ಕೊರಿ," ಎಂದಳು, ಬಾಗಿಲಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. "ಲಿಂಗ ಹೊರಗ ಬೀಳತೈತಿ."

ಪಿನ್ನು ತೆಗೆದುಕೊಂಡೆ. ಅವತ್ತು ನೋಡಿದಿರಾ ಎಂದು ಕೇಳಿದೆ, ಕೇಳುವ ಅಗತ್ಯವಿಲ್ಲದಿದ್ದರೂ. ಎದುರಿಗೇ ನಿಂತಿದ್ದೆ, ನೀವೇ ನಿಲ್ಲಿಸಿದ್ದಿರಿ ಎಂದಳು. ಹಾಗಾದರೆ ಅಷ್ಟು ಬೈಸಿಕೊಂಡು ಯಾಕೆ ಸುಮ್ಮನಿದ್ದಿರಿ ಎಂದೆ.

"ಹೇಳಿದ್ರ ನೀವು ಬೋರ್ಡ ಇಲ್ಲೇ ಬಿಟ್ಟ ಹೋಗತಿದ್ರಿ."

ಹೋಗುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ಮೂರು ನಿಮಿಷ ನೋಡಿ ಅವಳು ನನ್ನ ರೋಗ ಹಿಡಿದಿದ್ದಳು, ಅದಕ್ಕೆ ತಕ್ಕ ಹಾಗೆ ಕೆಲಸವನ್ನೂ ತೆಗೆದುಕೊಂಡಿದ್ದಳು. ಪಿನ್ನು ಹಾಕಿಕೊಂಡು ಬಗ್ಗಿದೆ. ಅಂಕಿ ಏರಿತು, ತಗಡು ಬಿಸಿಯಾಯಿತು, ಮೊದಲ ರೊಟ್ಟಿ ಆಚೆ ಕಡೆ ಬಿತ್ತು. ಖಾನಾವಳಿಯವನು ಬಾಗಿಲಲ್ಲೇ ನಿಂತು ನೋಡಿ, ಮೋಟರ್‌ಸೈಕಲ್ಲು ಶುರುಮಾಡಿಕೊಂಡು ಹೋದ. ಭಾವ ಒಳಗೆ ಬಂದವನು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಇನ್ನು ಮೇಲೆ ವಿಭೂತಿ ಗಿಭೂತಿ ಅಂತ ಮಷೀನು ಹಾಳುಮಾಡಿದರೆ ನೋಡು ಎಂದು ಅವಳಿಗೆ ಗದರಿದ. ಅವಳು ಆತ್ರಿ ಎಂದಳು.

ಆಗ ನನ್ನಿಂದ ತಡೆಯಲಾಗಲಿಲ್ಲ. ವಿಭೂತಿಯಿಂದ ಏನೂ ಆಗಿಲ್ಲ, ಅವಳ ತಪ್ಪಿಲ್ಲ, ನನ್ನ ಕರಡಿಗೆ ಜಾರಿ ಬೋರ್ಡಿಗೆ ತಾಗಿ ಸುಟ್ಟಿತು, ನಾನು ಸುಳ್ಳು ಹೇಳಿದೆ ಎಂದು ಗಟ್ಟಿಯಾಗಿಯೇ ಹೇಳಿದೆ. ಪಿನ್ನು ಬಿಚ್ಚಿ, ಕರಡಿಗೆ ಹೊರಗೆ ತೆಗೆದು ಆ ಗುಳಿಯನ್ನೂ ತೋರಿಸಿದೆ. ಭಾವ ಅಗಿಯುವುದನ್ನು ನಿಲ್ಲಿಸಿ, ಕರಡಿಗೆಗೆ ಕೈ ಮುಗಿದ.

"ಲಿಂಗದಿಂದ ಎಲ್ಲೆರ ಕೆಡಕ ಆಗತೈತೇನ್ರಿ ಸಾಹೇಬ್ರ?" ಎಂದ. "ಹೆಣ್ಣಮಗಳ ಮಾನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ದೊಡ್ಡ ಮನಸ್ಸು ನಿಮ್ಮದು."

ಅತ್ತೆ ಹೌದೆಂದು ತಲೆ ಆಡಿಸಿದಳು. ನಾನು ಮತ್ತೆ ಹೇಳಿದೆ, ಅವನು ಮತ್ತೆ ಕೈ ಮುಗಿದ. ನಾನು ಎಷ್ಟು ಹೇಳಿದೆನೋ ಅಷ್ಟು ದೊಡ್ಡವನಾಗುತ್ತ ಹೋದೆ, ಅವಳು ಅಷ್ಟಷ್ಟೇ ತಪ್ಪಿತಸ್ಥೆಯಾಗಿ ಉಳಿದಳು. ಇನ್ನೂ ಮಾತಾಡಿದ್ದರೆ ನನಗೆ ಅಲ್ಲೇ ಶಾಲು ಹೊದಿಸುತ್ತಿದ್ದರೇನೋ. ಬಾಯಿ ಮುಚ್ಚಿಕೊಂಡು ಸಾಮಾನು ಚೀಲಕ್ಕೆ ತುಂಬಿದೆ.

ಅವಳು ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಹಿಟ್ಟಿನ ಉಂಡೆ ಮಾಡುತ್ತ, ಒಂದರ ಹಿಂದೆ ಒಂದು ಮಷೀನಿಗೆ ಇಡುತ್ತಿದ್ದಳು. ಹೊರಡುವಾಗ ಪಿನ್ನನ್ನು ಅವಳ ಮುಂದೆ ಹಿಡಿದೆ. ಅವಳು ತಲೆ ಎತ್ತಿ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಸಿಡಿಲು ಹೊಡೆಯಿತು ಎಂದವನನ್ನು ನಾನು ನೋಡಿದ ನೋಟವೇ ಅದು.

"ಇಟಗೊರ್ರಿ ಅಣ್ಣಾರ," ಎಂದಳು. "ಮುಂದಿನ ಮನ್ಯಾಗ ಬೇಕಾಗತೈತಿ."